ಎರೆ ಹೊಲದ ಹಕ್ಕರಕಿ: ಗುರುತು ಮತ್ತು ಬೇಸಾಯ

ಹಿಂಗಾರಿ ಜೋಳ ಮೊಣಕಾಲುದ್ದ ಬೆಳೆದು ಎರಡನೆಯ ಎಡೆ ಹೊಡೆಯುವ ಹೊತ್ತಿಗೆ ಸವದತ್ತಿ ತಾಲ್ಲೂಕಿನ ಸಿರಸಂಗಿಯ ಸುತ್ತಲಿನ ಎರೆ ಹೊಲಗಳಲ್ಲಿ, ಸಾಲುಗಳ ನಡುವೆ ನೆಲಕ್ಕೆ ಅಂಟಿಕೊಂಡು ಒಂದು ಸಣ್ಣ ಗಿಡ ಹಬ್ಬಿರುತ್ತದೆ. ಹೊಲದ ಒಡೆಯನ ಲೆಕ್ಕದಲ್ಲಿ ಅದು ಕಳೆ. ಕಳೆ ತೆಗೆಯಲು ಬಂದ ಹೆಣ್ಣುಮಕ್ಕಳ ಲೆಕ್ಕದಲ್ಲಿ ಅದು ಅಂದಿನ ರಾತ್ರಿಯ ಊಟಕ್ಕೆ ರೊಟ್ಟಿಯ ಜೊತೆಗಾರ. ಕುರ್ಚಿಗಿಯ ತುದಿಯಿಂದ ಬುಡ ಸವರಿ, ಮಣ್ಣು ಝಾಡಿಸಿ, ಉಡಿಯಲ್ಲಿ ಕಟ್ಟಿಕೊಂಡು ಮನೆಗೆ ಒಯ್ಯುತ್ತಾರೆ. ಯಾರೂ ಬೇಡವೆನ್ನುವುದಿಲ್ಲ. ಕೂಲಿಯ ಜೊತೆಗೆ ಬರುವ ಈ ಸೊಪ್ಪು ಹಿಂದಿನಿಂದ ನಡೆದುಬಂದ ಒಂದು ಹಕ್ಕಿನಂತೆಯೇ ಇದೆ.

ಇದೇ ಹಕ್ಕರಕಿ. ಹತ್ತರಕಿ, ಹಕ್ಕರಿಕೆ ಎಂದೂ ಊರಿಂದೂರಿಗೆ ಹೆಸರು ಸ್ವಲ್ಪ ಬದಲಾಗುತ್ತದೆ. ಗಡಿಯಾಚೆಯ ಮರಾಠಿಯವರು ಇದರ ಬಳಗದ ಗಿಡವನ್ನು ಪಾಥರಿ ಎನ್ನುತ್ತಾರೆ. ಬೆಳಗಾವಿ, ಧಾರವಾಡ, ಗದಗ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಚಳಿಗಾಲದ ಜೋಳದ ರೊಟ್ಟಿಯ ಊಟವನ್ನು ಹಕ್ಕರಕಿ ಇಲ್ಲದೆ ನೆನೆಸಿಕೊಳ್ಳುವುದು ಕಷ್ಟ. ಪಟ್ಟಣದ ಖಾನಾವಳಿಗಳಲ್ಲಿಯೂ ಮೆಂತ್ಯೆ, ಈರುಳ್ಳಿ ತೊಪ್ಪಲು, ಸವತಿಕಾಯಿಗಳ ಜೊತೆ ಇದನ್ನು ಹಸಿಯಾಗಿಯೇ ತಾಟಿಗೆ ಹಾಕುತ್ತಾರೆ.

ಇಷ್ಟು ಪರಿಚಿತವಾದ ಗಿಡದ ಬಗ್ಗೆ ಲೇಖನವೇಕೆ ಎಂದು ರೈತ ಬಾಂಧವರು ಕೇಳಬಹುದು. ಕಾರಣವಿದೆ. ಈ ಗಿಡವನ್ನು ನೋಡಿದೊಡನೆ ಗುರುತಿಸುವ ಕಣ್ಣು ಕಳೆ ತೆಗೆಯುವ ಹೆಣ್ಣುಮಕ್ಕಳಲ್ಲಿದೆ. ಎಲ್ಲಿ ಕಳೆನಾಶಕ ಬಂದು ಕಳೆ ತೆಗೆಯುವ ಸಾಲು ನಿಂತಿತೋ ಅಲ್ಲಿ ಗಿಡದ ಜೊತೆಗೆ ಆ ಕಣ್ಣೂ ಹೋಗುತ್ತದೆ. ಆಮೇಲೆ ಹಕ್ಕರಕಿ ಬೇಕೆಂದು ಹೊಲಕ್ಕೆ ಹೋದ ಹೊಸಬರು ಬೇರೆ ಗಿಡ ಕಿತ್ತು ತರುವ, ಇಲ್ಲವೆ ಔಷಧ ಬಿದ್ದ ಹೊಲದಿಂದ ಸರಿಯಾದ ಗಿಡವನ್ನೇ ತಂದು ಹಸಿಯಾಗಿ ತಿನ್ನುವ ಅಪಾಯವಿದೆ. ಎರಡಕ್ಕೂ ಪರಿಹಾರ ಒಂದೇ: ಗುರುತನ್ನು ಸರಿಯಾಗಿ ತಿಳಿಯುವುದು, ತಿಳಿದ ಗಿಡವನ್ನು ಹಿತ್ತಲಿನ ಒಂದು ಮಡಿಗೆ ತಂದುಕೊಳ್ಳುವುದು.

ಬಳಗ

ಹಕ್ಕರಕಿ ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದೆ. ಸೇವಂತಿಗೆ, ಚೆಂಡು ಹೂವು, ಕುಸುಬೆ, ಗುರೆಳ್ಳು ಇವೆಲ್ಲವೂ ಇದೇ ಕುಟುಂಬದವು. ಹಕ್ಕರಕಿಯನ್ನು ಸಣ್ಣಗೆ ಹೆಚ್ಚಿ, ಗುರೆಳ್ಳು ಪುಡಿ ಉದುರಿಸಿ, ಕುಸುಬೆ ಎಣ್ಣೆ ಹಾಕಿ ಕಲಸಿದ ಪಚಡಿಯಲ್ಲಿ ಒಂದೇ ಮನೆತನದ ಮೂವರು ಕೂಡಿರುತ್ತಾರೆ. ದುರ್ದೈವದಿಂದ ಕಾಂಗ್ರೆಸ್ ಕಸವೆಂದು ನಾವು ಕರೆಯುವ ಪಾರ್ಥೇನಿಯಂ ಕೂಡ ಇದೇ ಮನೆತನದ್ದು. ಗುರುತಿನ ತೊಡಕು ಅಲ್ಲಿಂದಲೇ ಆರಂಭವಾಗುತ್ತದೆ.

ಈ ದೊಡ್ಡ ಕುಟುಂಬದೊಳಗೆ ಬಿಳಿ ಹಾಲು ಸುರಿಸುವ ಗಿಡಗಳ ಒಂದು ಒಳಬಳಗವಿದೆ. ಪಟ್ಟಣದವರು ಸಲಾಡಿಗೆ ಬಳಸುವ ಲೆಟ್ಯೂಸ್, ಕಾಫಿ ಪುಡಿಗೆ ಬೆರೆಸುವ ಚಿಕೋರಿ, ಯುರೋಪಿನ ಹುಲ್ಲುಗಾವಲುಗಳ ಡ್ಯಾಂಡಲಿಯನ್ ಈ ಒಳಬಳಗದವು. ಹಕ್ಕರಕಿಯೂ ಅಲ್ಲಿಯದೇ. ಜನರು ಹಕ್ಕರಕಿ ಎಂಬ ಒಂದೇ ಹೆಸರಿನಿಂದ ಲೌನಿಯಾ ಮತ್ತು ಲ್ಯಾಕ್ಟುಕಾ ಎಂಬ ಎರಡು ಹತ್ತಿರದ ಕುಲಗಳ ಗಿಡಗಳನ್ನು ಕರೆಯುತ್ತಾರೆ. ನೆಲಕ್ಕೆ ಒತ್ತಿಕೊಂಡು ಬೆಳೆಯುವುದು ಲೌನಿಯಾ, ಎತ್ತರಕ್ಕೆ ಏಳುವುದು ಲ್ಯಾಕ್ಟುಕಾ. ಲೌನಿಯಾ ಪ್ರೊಕಂಬೆನ್ಸ್ ಎಂಬ ಈಗಿನ ಹೆಸರನ್ನು 1969ರಲ್ಲಿ ಕೊಟ್ಟವರು ರಾಮಯ್ಯ ಮತ್ತು ರಾಜಗೋಪಾಲ್ ಎಂಬ ನಮ್ಮ ದೇಶದ ಸಸ್ಯಶಾಸ್ತ್ರಜ್ಞರೇ. ರೈತನಿಗೆ ಈ ಲ್ಯಾಟಿನ್ ಹೆಸರುಗಳಿಂದ ಆಗಬೇಕಾದ್ದು ಹೆಚ್ಚಿಲ್ಲ. ಎರಡೂ ತಿನ್ನಲು ಬರುತ್ತವೆ, ಎರಡಕ್ಕೂ ಬೇಸಾಯ ಒಂದೇ.

ಗಿಡದ ಗುರುತು

ಗಿಡವನ್ನು ಒಂದೇ ಲಕ್ಷಣದಿಂದ ನಿರ್ಧರಿಸಬಾರದು. ಎಲೆಯ ಆಕಾರ, ಹಾಲು, ಮೈ, ಬೇರು, ಹೂವು ಎಲ್ಲವೂ ಹೊಂದಿದರೆ ಮಾತ್ರ ಹಕ್ಕರಕಿ ಎನ್ನಬೇಕು.

ಎಳೆಯ ಗಿಡಕ್ಕೆ ಕಾಂಡವಿರುವುದಿಲ್ಲ. ಎಲೆಗಳೆಲ್ಲ ಬೇರಿನ ತಲೆಯಿಂದಲೇ ಹೊರಟು, ತಾಟು ಇಟ್ಟಂತೆ ದುಂಡಗೆ ನೆಲದ ಮೇಲೆ ಹರಡಿರುತ್ತವೆ. ಎಲೆ ಬುಡದಲ್ಲಿ ಕಿರಿದಾಗಿ ತುದಿಯತ್ತ ಅಗಲವಾಗುತ್ತದೆ. ಅಂಚು ಗರಗಸದಂತೆ ಸೀಳಿರುತ್ತದೆ. ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೆಂದರೆ ಸೀಳುಗಳ ಮೂತಿ ಎಲೆಯ ತುದಿಯ ಕಡೆ ಇರದೆ ಬುಡದ ಕಡೆಗೆ, ಅಂದರೆ ಬೇರಿನತ್ತ ಬಾಗಿರುತ್ತದೆ. ಎಲೆಯನ್ನು ಬಿಸಿಲಿಗೆ ಹಿಡಿದು ಅಂಚನ್ನು ನೋಡಿದರೆ ಲೌನಿಯಾ ಜಾತಿಯಲ್ಲಿ ಬಿಳಿಯ, ಅತಿ ಸಣ್ಣ ಹಲ್ಲುಗಳು ಸಾಲಾಗಿ ಕಾಣುತ್ತವೆ. ಅವು ಬೆರಳಿಗೆ ಒರಟೆನಿಸಿದರೂ ಚುಚ್ಚುವುದಿಲ್ಲ. ಎಲೆಯ ಮೈ ನುಣುಪು. ಮೇಲೆ ಕೆಳಗೆ ಎಲ್ಲಿಯೂ ರೋಮವಿಲ್ಲ.

ಎಲೆಯ ನಡುನರವನ್ನು ಮುರಿದರೆ ಕೂಡಲೇ ಬಿಳಿ ಹಾಲು ಒಸರಬೇಕು. ಹಾಲು ಸ್ವಲ್ಪ ಹೊತ್ತಿನಲ್ಲಿ ಅಂಟಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಸೊಪ್ಪು ಕೊಯ್ದವರ ಬೆರಳ ತುದಿ ಕಪ್ಪಾಗುವುದು ಇದರಿಂದಲೇ. ಕೆಳಗೆ ಮೂಲಂಗಿಯಂತೆ ನೇರವಾಗಿ ಇಳಿದ ತಾಯಿಬೇರು ಇರುತ್ತದೆ. ಎರೆ ಮಣ್ಣು ಬಿರಿಯುವ ಕಾಲದಲ್ಲಿಯೂ ಈ ಗಿಡ ಹಸುರಾಗಿರುವುದು ಆ ಬೇರಿನ ಬಲದಿಂದ. ಮೇಲಿನ ಎಲೆಯನ್ನು ಕೊಯ್ದು ಬೇರಿನ ತಲೆಯನ್ನು ಉಳಿಸಿದರೆ ಮತ್ತೆ ಚಿಗುರುತ್ತದೆ.

ಹೂವು ಬಂದ ಮೇಲೆ ಗುರುತು ಸುಲಭ. ಎಲೆಯ ದುಂಡಿನ ನಡುವಿನಿಂದ ಒಂದು ಗೇಣಿನಿಂದ ಮೊಳದವರೆಗಿನ ಸಪೂರ ದಂಟು ಎದ್ದು, ಕವಲೊಡೆದು, ತುದಿಗಳಲ್ಲಿ ಚಿಕ್ಕ ಹಳದಿ ಹೂವುಗಳು ಬರುತ್ತವೆ. ಲ್ಯಾಕ್ಟುಕಾದಲ್ಲಿ ದಂಟು ಇನ್ನೂ ಎತ್ತರ. ಒಂದು ಹೂವನ್ನು ಉಗುರಿನಿಂದ ಬಿಡಿಸಿ ನೋಡಬೇಕು. ಒಂದೇ ಹೂವೆಂದು ಕಂಡದ್ದು ನಿಜವಾಗಿ ಹತ್ತಾರು ಸಣ್ಣ ಹೂವುಗಳ ಕಟ್ಟು. ಪ್ರತಿಯೊಂದೂ ಒಂದು ಹಳದಿ ಪಟ್ಟಿಯಂತಿದ್ದು, ಪಟ್ಟಿಯ ತುದಿಯಲ್ಲಿ ಐದು ಸಣ್ಣ ಹಲ್ಲುಗಳಿರುತ್ತವೆ. ಐದು ಎಸಳು ಕೂಡಿ ಒಂದಾದ ಗುರುತದು. ಸೂರ್ಯಕಾಂತಿಯಲ್ಲಿ ಸುತ್ತಲೂ ಪಟ್ಟಿ, ನಡುವೆ ಕಣ್ಣು ಇರುವಂತೆ ಇದರಲ್ಲಿ ನಡುಗಣ್ಣು ಇಲ್ಲ; ಎಲ್ಲವೂ ಪಟ್ಟಿಗಳೇ. ಹೂವು ಬೆಳಿಗ್ಗೆ ಅರಳಿ ಬಿಸಿಲು ಏರಿದಂತೆ ಮುಚ್ಚಿಕೊಳ್ಳುತ್ತದೆ. ಮಧ್ಯಾಹ್ನ ಹೊಲಕ್ಕೆ ಹೋದವರಿಗೆ ಹೂವೇ ಕಾಣದಿದ್ದರೆ ಆಶ್ಚರ್ಯವಿಲ್ಲ. ಕೆಲವು ದಿನಗಳಲ್ಲಿ ಅದೇ ತುದಿಯಲ್ಲಿ ಬಿಳಿ ಅರಳೆಯ ಉಂಡೆ ಬಿರಿದು ಬೀಜಗಳು ಗಾಳಿಗೆ ಹಾರುತ್ತವೆ.

ಮೋಸ ಮಾಡುವ ಗಿಡಗಳು

ಮೊದಲನೆಯದು ಪಾರ್ಥೇನಿಯಂ. 1955ರ ಸುಮಾರಿಗೆ ಪುಣೆಯಲ್ಲಿ ಕಣ್ಣಿಗೆ ಬಿದ್ದ ಈ ಕಸ ಕೆಲವೇ ವರ್ಷಗಳಲ್ಲಿ ನಮ್ಮ ಬದುಗಳನ್ನೆಲ್ಲ ಆಕ್ರಮಿಸಿತು. 1975ರಲ್ಲಿ ಕರ್ನಾಟಕ ಸರ್ಕಾರ ಇದನ್ನು ಪೀಡೆಯೆಂದು ಘೋಷಿಸಿತು. ಮೆಕ್ಸಿಕೋದಿಂದ ತರಿಸಿದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಇದರ ಮೇಲೆ ಬಿಡಲಾಯಿತು. ಜೀರುಂಡೆ ಮಳೆಗಾಲದಲ್ಲಿ ಎಲೆಗಳನ್ನು ಚೆನ್ನಾಗಿಯೇ ತಿಂದರೂ ಗಿಡ ಇನ್ನೂ ಉಳಿದಿದೆ. ದೊಡ್ಡ ಗಿಡವನ್ನು ಯಾರೂ ಹಕ್ಕರಕಿ ಎಂದು ತಿಳಿಯುವುದಿಲ್ಲ. ಎಳೆಯದರಲ್ಲಿ ಮಾತ್ರ ಪಾರ್ಥೇನಿಯಂ ಕೂಡ ನೆಲಕ್ಕೆ ಒತ್ತಿದ ಎಲೆಯ ದುಂಡಾಗಿಯೇ ಇರುತ್ತದೆ. ವ್ಯತ್ಯಾಸ ಹೀಗೆ: ಅದರ ಎಲೆ ಗಜ್ಜರಿಯ ಎಲೆಯಂತೆ ಸೀಳಿನೊಳಗೆ ಮತ್ತೆ ಸೀಳಾಗಿರುತ್ತದೆ, ಮೈಮೇಲೆ ನವಿರಾದ ರೋಮವಿದ್ದು ಬೂದು ಹಸುರಾಗಿ ಕಾಣುತ್ತದೆ, ಮುರಿದರೆ ಹಾಲು ಬರುವುದಿಲ್ಲ. ಹಾಲಿಲ್ಲದ್ದು ಹಕ್ಕರಕಿಯಲ್ಲ ಎಂಬ ಒಂದು ಮಾತು ಇಲ್ಲಿ ಸಾಕು. ಪಾರ್ಥೇನಿಯಂ ಮುಟ್ಟಿದರೆ ಹಲವರ ಚರ್ಮಕ್ಕೆ ತುರಿಕೆ, ಹುಣ್ಣು ಆಗುವುದು ಎಲ್ಲರಿಗೂ ತಿಳಿದದ್ದೇ.

ಎರಡನೆಯದು ಇನ್ನೂ ಹೆಚ್ಚು ಅಪಾಯದ್ದು. ಹಳದಿ ದತ್ತೂರಿ ಅಥವಾ ಫಿರಂಗಿ ದತ್ತೂರಿ ಎಂಬ ಮುಳ್ಳುಗಿಡ ಇದೇ ಹಿಂಗಾರಿ ಕಾಲದಲ್ಲಿ, ಇದೇ ಹೊಲಗಳ ಅಂಚಿನಲ್ಲಿ ಎಲೆಯ ದುಂಡಾಗಿ ಏಳುತ್ತದೆ. ಇದು ಸೂರ್ಯಕಾಂತಿ ಕುಟುಂಬದ್ದಲ್ಲ, ಗಸಗಸೆಯ ಕುಟುಂಬದ್ದು. ಎಲೆಗೆ ಹಕ್ಕರಕಿಯಂತೆಯೇ ಸೀಳುಗಳಿವೆ, ಮುರಿದರೆ ಹಾಲೂ ಬರುತ್ತದೆ. ಆದರೆ ಆ ಹಾಲು ಅರಿಶಿಣದಂತೆ ಹಳದಿ. ಎಲೆಯ ನರಗಳ ಗುಂಟ ಬೂದು ಬಿಳಿ ಪಟ್ಟೆ ಇರುತ್ತದೆ, ಅಂಚಿನ ಹಲ್ಲುಗಳು ನಿಜವಾದ ಮುಳ್ಳುಗಳು. ಇದರ ಬೀಜದ ಎಣ್ಣೆ ಸಾಸಿವೆ ಎಣ್ಣೆಯಲ್ಲಿ ಬೆರೆತು 1998ರಲ್ಲಿ ದೆಹಲಿಯಲ್ಲಿ ಜನ ಕಾಲು ಊದಿ, ಉಸಿರು ಕಟ್ಟಿ ಸತ್ತರು. ಗಿಡದ ಯಾವ ಭಾಗವನ್ನೂ ಬಾಯಿಗೆ ಹಾಕಬಾರದು. ಮಕ್ಕಳಿಗೆ ಗುರುತು ಕಲಿಸುವಾಗ ಬಿಳಿ ಹಾಲು, ಹಳದಿ ಹಾಲು ಎರಡನ್ನೂ ಅಕ್ಕಪಕ್ಕ ಮುರಿದು ತೋರಿಸುವುದು ಒಳ್ಳೆಯದು. ಆಮೇಲೆ ಕೈ ತೊಳೆಸಬೇಕು.

ಬಿಳಿ ಹಾಲು ಬಂದರೆ ಸಾಕೆಂದೂ ತಿಳಿಯಬಾರದು. ಎರೆ ಹೊಲದಲ್ಲಿ ಹಾಲು ಬರುವ ಬೇರೆ ಕಳೆಗಳು ಹೇರಳವಾಗಿವೆ. ಅವುಗಳಲ್ಲಿ ಯುಫೋರ್ಬಿಯ ಜಾತಿಯ ಹಾಲುಗಿಡಗಳು ಮುಖ್ಯ. ಅವುಗಳ ಹಾಲು ಬಾಯಿ, ಕಣ್ಣುಗಳಿಗೆ ಉರಿ ತರುವಂಥದು. ಅವುಗಳಿಗೆ ಎಳೆಯದರಲ್ಲಿಯೇ ಕಾಂಡವಿದ್ದು ಎಲೆಗಳು ಕಾಂಡದ ಮೇಲೆ ಬರುತ್ತವೆ. ಎಲೆಯಲ್ಲಿ ಬುಡದತ್ತ ಬಾಗಿದ ಸೀಳು ಇರುವುದಿಲ್ಲ. ಕಾಂಡವಿಲ್ಲದ ದುಂಡು, ಬುಡದತ್ತ ಬಾಗಿದ ಸೀಳು, ನುಣುಪು ಮೈ, ಬಿಳಿ ಹಾಲು ನಾಲ್ಕೂ ಕೂಡಿದ್ದನ್ನು ಮಾತ್ರ ಕೊಯ್ಯಬೇಕು.

ಬದುಗಳ ಮೇಲೆ ವರ್ಷವೆಲ್ಲ ಹೂ ಬಿಡುವ ಟ್ರೈಡ್ಯಾಕ್ಸ್ ಗಿಡದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಉದ್ದ ತೊಟ್ಟಿನ ತುದಿಗೆ ಹಳದಿ ಕಣ್ಣಿನ, ಕೆನೆ ಬಣ್ಣದ ಎಸಳಿನ ಒಂದೇ ಹೂವು, ಒರಟು ರೋಮದ ಎಲೆ, ಹಾಲಿಲ್ಲ. ಗಾಯಕ್ಕೆ ಹಚ್ಚುವ ಸೊಪ್ಪೆಂದು ಹಳ್ಳಿಗರಿಗೆ ಅದು ಗೊತ್ತು. ಇನ್ನು ಸೊಂಕಸ್ ಎಂಬ ಗಿಡಕ್ಕೆ ಹಾಲು, ಹಳದಿ ಹೂವು, ಸೀಳೆಲೆ ಎಲ್ಲ ಇವೆ. ಅದರ ಟೊಳ್ಳು ಕಾಂಡ ನೇರವಾಗಿ ನಿಂತು, ಎಲೆಯ ಬುಡ ಕಿವಿಯಂತೆ ಕಾಂಡವನ್ನು ತಬ್ಬಿರುತ್ತದೆ. ಅದನ್ನೂ ಕೆಲವರು ಹಕ್ಕರಕಿ ಎಂದೇ ಕೊಯ್ದು ತಿನ್ನುತ್ತಾರೆ. ಎಳೆಯದಿದ್ದಾಗ ತಿಂದರೆ ಹಾನಿಯಿಲ್ಲ. ಬೇರೆ ದೇಶಗಳಲ್ಲಿಯೂ ಅದು ತಿನ್ನುವ ಸೊಪ್ಪೇ.

ಎಲ್ಲಿ ಕೊಯ್ಯಬಾರದು

ಸರಿಯಾದ ಗಿಡವಾದರೂ ತಪ್ಪಾದ ಹೊಲದಲ್ಲಿದ್ದರೆ ಅದು ಆಹಾರವಲ್ಲ. ಈ ವಿಷಯಕ್ಕೆ ಇಂದು ಗುರುತಿಗಿಂತಲೂ ಹೆಚ್ಚು ಗಮನ ಕೊಡಬೇಕಾಗಿದೆ.

ಕರ್ನಾಟಕವನ್ನು ಹತ್ತು ಕೃಷಿ ಹವಾಮಾನ ವಲಯಗಳಾಗಿ ವಿಂಗಡಿಸಿದಾಗ ಸವದತ್ತಿ, ರಾಮದುರ್ಗ ತಾಲ್ಲೂಕುಗಳು ಉತ್ತರ ಒಣ ವಲಯಕ್ಕೂ, ಬೈಲಹೊಂಗಲ ಪರಿವರ್ತನ ವಲಯಕ್ಕೂ ಬಂದವು. ಒಣ ವಲಯದ ಎರೆ ಹೊಲ ಎಂದರೆ ಹಿಂಗಾರಿ ಜೋಳ, ಕಡಲೆ, ಕುಸುಬೆ, ಗೋದಿ. ಇವು ಮಣ್ಣಿನಲ್ಲಿ ಉಳಿದ ತೇವದ ಮೇಲೆ ಬೆಳೆಯುವ ಬೆಳೆಗಳು, ಹಕ್ಕರಕಿಯೂ ಇವುಗಳ ಜೊತೆಗಾರ. ನವಿಲುತೀರ್ಥದಲ್ಲಿ ಮಲಪ್ರಭೆಗೆ ಅಣೆಕಟ್ಟಾಗಿ ಕಾಲುವೆಗಳು ಹರಿದ ಮೇಲೆ, ಕೊಳವೆ ಬಾವಿಗಳು ಬಂದ ಮೇಲೆ ನೀರು ಸಿಕ್ಕ ಕಡೆ ಗೋವಿನಜೋಳ, ಕಬ್ಬು, ಹತ್ತಿ ಹೆಚ್ಚಾದವು. 2002ರಲ್ಲಿ ಬಿಟಿ ಹತ್ತಿಗೆ ಅನುಮತಿ ದೊರೆತ ನಂತರ ಹತ್ತಿಯ ಚಿತ್ರವೂ ಬದಲಾಯಿತು. ನೀರು ಬಂದದ್ದನ್ನು ಯಾರೂ ಬೇಡವೆನ್ನಲಾರರು. ಆದರೆ ಈ ಬೆಳೆಗಳ ಜೊತೆಗೆ ಅಟ್ರಾಜಿನ್, 2,4-ಡಿ ಮುಂತಾದ ಕಳೆನಾಶಕಗಳೂ, ಗಿಡದೊಳಗೆ ಹರಿಯುವ ಕೀಟನಾಶಕಗಳೂ ಬಂದವು. 2,4-ಡಿ ಅಗಲ ಎಲೆಯ ಕಳೆಗಳನ್ನು ಕೊಲ್ಲುವ ಔಷಧ. ಹಕ್ಕರಕಿ ಅಗಲ ಎಲೆಯದೇ.

ಕಳೆ ತೆಗೆಯಲು ಆಳು ಸಿಗುವುದಿಲ್ಲ, ಸಿಕ್ಕರೂ ಕೂಲಿ ಪೂರೈಸುವುದಿಲ್ಲ ಎಂಬ ರೈತನ ಮಾತು ಸುಳ್ಳಲ್ಲ. ಆದ್ದರಿಂದ ಕಳೆನಾಶಕ ಬಳಸಲೇಬೇಡಿ ಎಂದು ಇಲ್ಲಿ ಹೇಳುತ್ತಿಲ್ಲ. ಹೇಳಬೇಕಾದ್ದು ಇಷ್ಟು: ಔಷಧದ ಡಬ್ಬಿಯ ಚೀಟಿಯ ಮೇಲೆ ಸಿಂಪರಣೆಗೂ ಕೊಯ್ಲಿಗೂ ನಡುವೆ ಇಷ್ಟು ದಿನ ಬಿಡಬೇಕೆಂದು ಬರೆದಿರುವುದು ಬೆಳೆಗೆ ಮಾತ್ರ. ಸಾಲಿನ ನಡುವೆ ಬೆಳೆದ ಕಳೆಯನ್ನು ಯಾರಾದರೂ ಹಸಿಯಾಗಿ ತಿಂದಾರು ಎಂಬ ಲೆಕ್ಕ ಅದರಲ್ಲಿಲ್ಲ. ಗಿಡದೊಳಗೆ ಹರಿದ ಔಷಧ ಉಪ್ಪುನೀರಿನಲ್ಲಿ ತೊಳೆದರೆ ಹೋಗುವುದೂ ಇಲ್ಲ. ಕಡಲೆಗೆ ಕಾಯಿಕೊರಕದ ಔಷಧ ಹೊಡೆದ ಹೊಲದಲ್ಲಿ ಹಕ್ಕರಕಿಯನ್ನೂ ಕಡಲೆಯ ಕುಡಿಯನ್ನೂ ಕೀಳಬಾರದು. ಹತ್ತಿಯ ಹೊಲದ್ದನ್ನಂತೂ ಮುಟ್ಟಲೇಬಾರದು. ಕಳೆನಾಶಕ ಹೊಡೆದ ಹೊಲದಲ್ಲಿ ಗಿಡ ಸಾಯದೆ ಮುರುಟಿ, ಎಲೆ ತಿರುಚಿ ಉಳಿದಿದ್ದರೆ ಆ ಹಂಗಾಮಿನಲ್ಲಿ ಅಲ್ಲಿಯ ಸೊಪ್ಪಿನ ಆಸೆ ಬಿಡಬೇಕು.

ಸಿಂಪರಣೆ ಮಾಡಿದ ರೈತ ಅದನ್ನು ಕೂಲಿಯವರಿಗೆ ಬಾಯಿಬಿಟ್ಟು ಹೇಳಬೇಕು. ಕೂಲಿಗೆ ಬಂದ ಹೆಣ್ಣುಮಗಳಿಗೆ ಹಿಂದಿನ ವಾರ ಆ ಹೊಲದಲ್ಲಿ ಏನು ಹೊಡೆದರೆಂದು ತಿಳಿಯುವ ದಾರಿಯಿಲ್ಲ. ಅವಳು ಎಂದಿನಂತೆ ಉಡಿ ತುಂಬಿಕೊಂಡು ಹೋಗುತ್ತಾಳೆ, ಮನೆಯಲ್ಲಿ ಮಕ್ಕಳು ತಿನ್ನುತ್ತವೆ. ಬದುವಿನ ಮೇಲೆ ಒಂದು ಕೋಲು ನೆಟ್ಟು ಕೆಂಪು ಅರಿವೆ ಕಟ್ಟುವ ರೂಢಿ ಮಾಡಿಕೊಂಡರೆ ಖರ್ಚೇನೂ ಇಲ್ಲ. ಊರಂಚಿನ ಹೊಲಸು ಜಾಗ, ಚರಂಡಿ ನೀರು ಹರಿಯುವ ಹೊಲ, ವಾಹನ ತಿರುಗುವ ರಸ್ತೆಯ ಬದಿ ಇಲ್ಲಿಯ ಸೊಪ್ಪೂ ಹಸಿಯಾಗಿ ತಿನ್ನಲು ತಕ್ಕದ್ದಲ್ಲ. ಜಂತುಹುಳುವಿನ ತತ್ತಿ ಹೊಟ್ಟೆ ಸೇರುವುದು ಇಂಥ ಸೊಪ್ಪಿನಿಂದಲೇ.

ಹೊಲದಲ್ಲಿ ಸ್ವಲ್ಪ ಉಳಿಸುವುದು

ಹಿಂಗಾರಿ ಬೆಳೆಗೆ ನೆಲದ ತೇವವೇ ಬಂಡವಾಳ. ಆಳವಾದ ತಾಯಿಬೇರಿನ ಹಕ್ಕರಕಿ ಅದರಲ್ಲಿ ಪಾಲು ಕೇಳುತ್ತದೆ. ಆದ್ದರಿಂದ ಹೊಲದ ತುಂಬ ಬಿಡಬೇಕೆನ್ನುವುದು ಬೇಸಾಯದ ಮಾತಾಗದು. ಎಡೆ ಹೊಡೆಯುವುದನ್ನು ನಿಲ್ಲಿಸಬೇಕಾಗಿಲ್ಲ. ಎಡೆಗುಂಟೆಯ ನಂತರ ಸಾಲಿನ ಬುಡದಲ್ಲಿ ಉಳಿದ ಗಿಡಗಳೇ ಮನೆಗೆ ಸಾಕಾಗುತ್ತವೆ. ಬದುವಿಗೆ ಹೊಂದಿದ ಒಂದೆರಡು ಸಾಲುಗಳನ್ನು ಔಷಧವಿಲ್ಲದೆ ಬಿಟ್ಟು, ಅಲ್ಲಿ ಎಲೆ ಕೊಯ್ದು ಬೇರು ಉಳಿಸಿದರೆ ಎರಡು ಮೂರು ಸಲ ಸೊಪ್ಪು ದೊರೆಯುತ್ತದೆ. ಬದುವಿನ ಮೇಲಿನ ಪಾರ್ಥೇನಿಯಂ ಅನ್ನು ಹೂ ಬರುವ ಮುನ್ನ, ಕೈಗೆ ಚೀಲ ಸುತ್ತಿಕೊಂಡು ಬೇರು ಸಹಿತ ಕಿತ್ತರೆ ಹಕ್ಕರಕಿಗೆ ತಾನಾಗಿ ಜಾಗ ಸಿಗುತ್ತದೆ. ಬದುವಿನಿಂದ ಬೀಜ ಹಾರಿ ಹೊಲ ಕೆಟ್ಟೀತೆಂಬ ಅಂಜಿಕೆಗೆ ಹೆಚ್ಚಿನ ಅರ್ಥವಿಲ್ಲ. ಗಾಳಿಯಲ್ಲಿ ಬರುವ ಬೀಜ ನೆರೆಹೊಲದಿಂದಲೂ ಬಂದೇ ಬರುತ್ತದೆ, ಎಡೆಗುಂಟೆಗೆ ಮಣಿಯುತ್ತದೆ.

ಹಿತ್ತಲಿನ ಮಡಿಯಲ್ಲಿ ಬೆಳೆಯುವ ಕ್ರಮ

ಬೀಜ ಪೇಟೆಯಲ್ಲಿ ಹುಡುಕುವ ವಸ್ತುವಲ್ಲ, ಹೊಲದಲ್ಲಿಯೇ ಕೂಡಿಸಿಕೊಳ್ಳಬೇಕು. ಚಳಿ ಕಡಿಮೆಯಾಗುತ್ತ ಬಂದಂತೆ ಗಿಡಗಳು ದಂಟು ಬಿಟ್ಟು ಹೂವಾಗುತ್ತವೆ. ಯುಗಾದಿಗೆ ಸಿರಸಂಗಿ ಕಾಳಮ್ಮನ ಜಾತ್ರೆಗೆ ಜನ ಸೇರುವ ಹೊತ್ತಿಗೆ ಹೊಲಗಳಲ್ಲಿ ಹಕ್ಕರಕಿಯ ಕಾಲ ಮುಗಿದಿರುತ್ತದೆ. ಬೀಜದ ಕೆಲಸ ಅದಕ್ಕಿಂತ ಮೊದಲೇ ಆಗಬೇಕು.

ಬೀಜಕ್ಕಾಗಿ ಗಿಡ ಆರಿಸುವುದರಲ್ಲಿ ಒಂದು ಸೂಕ್ಷ್ಮವಿದೆ. ಮೊದಲು ಹೂವಾದ ಗಿಡದ ಬೀಜವೇ ಮೊದಲು ಕೈಗೆ ಸಿಗುವುದರಿಂದ ಹೆಚ್ಚಿನವರು ಅದನ್ನೇ ಕೂಡಿಸುತ್ತಾರೆ. ಬೇಗ ಹೂವಾಗುವ ಗಿಡ ಎಂದರೆ ಬೇಗ ಕಹಿಯಾಗುವ, ಕಡಿಮೆ ಎಲೆ ಕೊಡುವ ಗಿಡ. ಅದರ ಬೀಜವನ್ನೇ ಪ್ರತಿ ವರ್ಷ ಬಿತ್ತಿದರೆ ಮಡಿಯಲ್ಲಿ ಅಂಥವೇ ಹೆಚ್ಚುತ್ತವೆ. ಆದ್ದರಿಂದ ಎಲೆ ಅಗಲವಾಗಿರುವ, ದಂಟು ತಡವಾಗಿ ಬಿಡುವ ಎಂಟು ಹತ್ತು ಗಿಡಗಳನ್ನು ಮೊದಲೇ ಆರಿಸಿ, ಕಡ್ಡಿ ನೆಟ್ಟು, ಅವುಗಳ ಎಲೆ ಕೊಯ್ಯದೆ ಬೀಜಕ್ಕೆ ಬಿಡಬೇಕು. ಇಂದಿನ ಲೆಟ್ಯೂಸಿನ ಮೂಲಗಿಡವೂ ಒಂದು ಕಾಲಕ್ಕೆ ಮುಳ್ಳಿನ, ಕಹಿಯ ಕಾಡುಗಿಡವೇ ಆಗಿತ್ತು. ಜನ ತಲೆಮಾರುಗಳ ಕಾಲ ಹೀಗೆ ಆರಿಸುತ್ತ ಬಂದದ್ದರಿಂದ ಅದು ಈಗಿನ ರೂಪಕ್ಕೆ ಬಂದಿತು.

ಬಿಳಿ ಅರಳೆ ಮೊಗ್ಗಿನ ತುದಿಯಲ್ಲಿ ಇಣುಕಿದ ದಿನ ಬೆಳಿಗ್ಗೆ, ಗಾಳಿ ಏಳುವ ಮೊದಲು ತುದಿಗಳನ್ನು ಚಿವುಟಿ ಕಾಗದದ ಚೀಲಕ್ಕೆ ಹಾಕಬೇಕು. ಪೂರ್ತಿ ಬಿರಿಯಲು ಬಿಟ್ಟರೆ ಅರ್ಧ ಬೀಜ ಹಾರಿಹೋಗಿರುತ್ತದೆ. ಎಲ್ಲ ಹೂವು ಒಮ್ಮೆಲೇ ಮಾಗುವುದಿಲ್ಲವಾದ್ದರಿಂದ ದಿನ ಬಿಟ್ಟು ದಿನ ಹೋಗಬೇಕಾಗುತ್ತದೆ. ಚೀಲದಲ್ಲಿಯೇ ನೆರಳಲ್ಲಿ ನಾಲ್ಕೈದು ದಿನ ಒಣಗಿಸಿ, ಅಂಗೈಯಲ್ಲಿ ತಿಕ್ಕಿ, ಅರಳೆ ಊದಿ ತೆಗೆದರೆ ಸಣ್ಣ ಕಂದು ಬೀಜ ಉಳಿಯುತ್ತದೆ. ಒಣಗಿದ ಶೀಶೆಯಲ್ಲಿ ಹಾಕಿ ಬಿಗಿಯಾಗಿ ಮುಚ್ಚಿ, ತಂಪಾದ ಕತ್ತಲೆ ಜಾಗದಲ್ಲಿ ಇಡಬೇಕು. ಮೇಲೆ ವರ್ಷ ಬರೆದ ಚೀಟಿ ಅಂಟಿಸುವುದನ್ನು ಮರೆಯಬಾರದು.

ಬಿತ್ತನೆಗೆ ಸರಿಯಾದ ಕಾಲ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ. ಲೆಟ್ಯೂಸಿನ ಬೀಜ ಮಣ್ಣಿನ ಬಿಸಿ 30 ಡಿಗ್ರಿ ಸೆಲ್ಸಿಯಸ್ ಮೀರಿದರೆ ಮೊಳೆಯದೆ ಮಲಗಿಬಿಡುತ್ತದೆ. ಅದರ ಬಳಗದ ಹಕ್ಕರಕಿಯನ್ನೂ ಹಾಗೆಯೇ ನಡೆಸಿಕೊಳ್ಳುವುದು ಕ್ಷೇಮ. ಬೇಸಿಗೆಯಲ್ಲಿ ನೀರು ಹಾಕಿ ಬೆಳೆಯುತ್ತೇನೆಂದು ಹೊರಡುವುದು ವ್ಯರ್ಥ ಶ್ರಮ; ಮೊಳೆತರೂ ನೇರವಾಗಿ ದಂಟಿಗೇ ಹೋಗುತ್ತದೆ.

ಎರೆ ಮಣ್ಣು ಒಳ್ಳೆಯದು, ನೀರು ನಿಲ್ಲಬಾರದು ಅಷ್ಟೆ. 3 ಮೀಟರ್ ಉದ್ದ, 1.2 ಮೀಟರ್ ಅಗಲದ, ಒಂದು ಗೇಣು ಎತ್ತರದ ಏರುಮಡಿ ಮಾಡಿ ಎಂಟು ಹತ್ತು ಕಿ.ಗ್ರಾಂ. ಜರಡಿ ಹಿಡಿದ, ಚೆನ್ನಾಗಿ ಕೊಳೆತ ತಿಪ್ಪೆಗೊಬ್ಬರವನ್ನು ಮೇಲ್ಮಣ್ಣಿಗೆ ಸೇರಿಸಬೇಕು. ಹಸಿ ಸೆಗಣಿ, ಸ್ಲರಿ ಬೇಡ. ಹಸಿಯಾಗಿ ತಿನ್ನುವ ಸೊಪ್ಪಿಗೆ ಅದು ಸಲ್ಲದು. ಯೂರಿಯಾದ ಅಗತ್ಯವಿಲ್ಲ. ಕಿತ್ತೂರಿನ ಕಡೆಯ ಕೆಂಪು ಮಣ್ಣಿನಲ್ಲಿ ಗೊಬ್ಬರ ಇನ್ನಷ್ಟು ಹೆಚ್ಚು ಹಾಕಿ, ನೀರನ್ನು ಸ್ವಲ್ಪ ಹೆಚ್ಚು ಬಾರಿ ಕೊಡಬೇಕಾಗುತ್ತದೆ.

ಬೀಜ ಸಣ್ಣದು. ಒಂದು ಚಿಟಿಕೆ ಬೀಜಕ್ಕೆ ಎರಡು ಬೊಗಸೆ ಒಣ ಮರಳು ಬೆರೆಸಿ, 20 ಸೆಂ.ಮೀ. ಅಂತರದ ಗೆರೆಗಳಲ್ಲಿ ತೆಳುವಾಗಿ ಉದುರಿಸಿ, ಮೇಲೆ ಜರಡಿ ಹಿಡಿದ ಗೊಬ್ಬರವನ್ನು ಬೀಜ ಕಾಣದಷ್ಟು ಮಾತ್ರ ಹರಡಿ, ಅಂಗೈಯಿಂದ ಮೆಲ್ಲಗೆ ಒತ್ತಬೇಕು. ಆಳಕ್ಕೆ ಬಿದ್ದ ಬೀಜ ಮೇಲೆ ಬರಲಾರದು. ಝಾರಿಯಿಂದ ದಿನಕ್ಕೊಮ್ಮೆ ನೀರು ಚಿಮುಕಿಸಿ ಮೇಲ್ಮೈ ಒಣಗದಂತೆ ನೋಡಿಕೊಳ್ಳಬೇಕು. ಇರುವೆ ಬೀಜ ಹೊತ್ತೊಯ್ಯುವುದುಂಟು. ಮಡಿಯ ಸುತ್ತ ಬೂದಿಯ ಗೆರೆ ಎಳೆದರೆ ಮೊಳಕೆ ಬರುವವರೆಗೆ ತಡೆಯುತ್ತದೆ. ಕಾಡುಗಿಡವಾದ್ದರಿಂದ ಎಲ್ಲ ಬೀಜ ಒಂದೇ ದಿನ ಮೊಳೆಯುವುದಿಲ್ಲ. ಕೆಲವು ವಾರದಲ್ಲಿ, ಕೆಲವು ಇನ್ನೂ ತಡವಾಗಿ ಬರುತ್ತವೆ. ಬೇಸರಪಟ್ಟು ಮಡಿ ಕೆದರಬಾರದು.

ಸಸಿಗೆ ನಾಲ್ಕು ಎಲೆ ಬಂದಾಗ 15 ಸೆಂ.ಮೀ.ಗೆ ಒಂದರಂತೆ ಬಿಟ್ಟು ಉಳಿದವನ್ನು ಕೀಳಬೇಕು. ಕಿತ್ತ ಎಳೆಸಸಿಗಳು ಅತ್ಯಂತ ರುಚಿ. ಆದರೆ ಮಡಿಯಲ್ಲಿ ಪಾರ್ಥೇನಿಯಂ ಸಸಿಯೂ ಎದ್ದಿರಬಹುದು. ಮೊದಲ ಕೀಳುವಿಕೆಯನ್ನು ಮನೆಯ ಹಿರಿಯ ಹೆಣ್ಣುಮಗಳ ಕೈಯಿಂದಲೇ ಮಾಡಿಸುವುದು ಉತ್ತಮ, ಚಿಕ್ಕವರು ಪಕ್ಕದಲ್ಲಿ ಕುಳಿತು ನೋಡಲಿ. ಮುಂದೆ ವಾರಕ್ಕೊಮ್ಮೆ ನೀರು ಸಾಕು. ನೀರು ಹೆಚ್ಚಾದರೆ ಎಲೆ ಉದ್ದವಾಗಿ ಸಪ್ಪೆಯಾಗುತ್ತದೆ, ಬೇರು ಕೊಳೆಯುತ್ತದೆ.

ಕೀಟಗಳಲ್ಲಿ ಕುಸುಬೆಯ ಕಪ್ಪು ಹೇನು ಒಂದನ್ನೇ ಇಲ್ಲಿ ಹೆಸರಿಸಬೇಕು. ಅದು ಸೂರ್ಯಕಾಂತಿ ಕುಟುಂಬದ ಬೇರೆ ಗಿಡಗಳ ಮೇಲೂ ಬರುವಂಥದು. ಆದ್ದರಿಂದ ಮಡಿ ಕುಸುಬೆ ಹೊಲಕ್ಕೆ ಹೊಂದಿಕೊಂಡಿರಬಾರದು. ಹೇನು ದಂಟಿಗೆ ಮುತ್ತಿದರೆ ಆ ದಂಟನ್ನೇ ಕತ್ತರಿಸಿ ಹೂಳಬೇಕು. ಎಲೆಯ ಮೇಲೆ ಕೆಲವೇ ಇದ್ದರೆ ನೀರಿನ ರಭಸಕ್ಕೆ ಉದುರುತ್ತವೆ. ತಿನ್ನುವ ಮಡಿಗೆ ಯಾವ ಔಷಧವನ್ನೂ ಹೊಡೆಯಬಾರದು.

ಕೊಯ್ಲು ಮತ್ತು ಬಳಕೆ

ಎಲೆಯ ದುಂಡು ಅಂಗೈ ಅಗಲವಾದಾಗ ಕೊಯ್ಲಿಗೆ ಬಂದಿತೆಂದು ತಿಳಿಯಬೇಕು. ಇಬ್ಬನಿ ಆರುವ ಮೊದಲು, ಬೇರಿನ ತಲೆಯಿಂದ ಒಂದು ಬೆರಳು ಮೇಲೆ ಚೂಪಾದ ಕುಡುಗೋಲಿನಿಂದ ಕೊಯ್ಯಬೇಕು. ಕಿತ್ತರೆ ಒಂದೇ ಊಟ, ಕೊಯ್ದರೆ ಮತ್ತೆ ಚಿಗುರು. ದಂಟು ಎದ್ದ ಗಿಡದ ಎಲೆಯಲ್ಲಿ ಹಾಲೂ ಕಹಿಯೂ ಹೆಚ್ಚು. ಕಹಿ ಒಗ್ಗದವರು ಯುರೋಪಿನಲ್ಲಿ ಚಿಕೋರಿಗೆ ಮಾಡುವ ಉಪಾಯ ಮಾಡಬಹುದು: ಗಿಡದ ಮೇಲೆ ತೂತು ಮುಚ್ಚಿದ ಹಳೆಯ ಗಡಿಗೆಯನ್ನು ಆರೇಳು ದಿನ ಬೋರಲು ಹಾಕಿದರೆ ಬೆಳಕಿಲ್ಲದೆ ಎಲೆ ಬಿಳಿಚಿ, ಮೆತ್ತಗಾಗಿ ಕಹಿ ಇಳಿಯುತ್ತದೆ. ಕಹಿ ಇಲ್ಲದ ಹಕ್ಕರಕಿಯನ್ನು ಹಕ್ಕರಕಿ ಎನ್ನಲು ನಮ್ಮ ಕಡೆಯ ಹಿರಿಯರು ಒಪ್ಪುವುದು ಅನುಮಾನ.

ಸೊಪ್ಪನ್ನು ಮೂರು ನೀರಿನಲ್ಲಿ ತೊಳೆದು ಹಸಿಯಾಗಿ ರೊಟ್ಟಿ, ಶೇಂಗಾ ಚಟ್ನಿ, ಮೊಸರಿನೊಂದಿಗೆ ತಿನ್ನುವುದೇ ವಾಡಿಕೆ. ಎಳ್ಳಮಾಸಿಯ ಚರಗದ ಬುತ್ತಿಯಲ್ಲಿ ಸಜ್ಜಿ ರೊಟ್ಟಿ, ಬದನೆಕಾಯಿ ಪಲ್ಲೆಗಳ ಪಕ್ಕ ಇದಕ್ಕೊಂದು ಸ್ಥಾನವಿದೆ. ಹೊಲದ ಸೊಪ್ಪನ್ನು ಹೊಲದಲ್ಲಿಯೇ ತಿನ್ನುವ ಆ ಒಂದು ದಿನಕ್ಕಾದರೂ ಔಷಧವಿಲ್ಲದ ಸಾಲುಗಳು ಬೇಕು. ಬೇಳೆಯೊಂದಿಗೆ ಬೇಯಿಸಿದ ಪಲ್ಲೆಯೂ ಆಗುತ್ತದೆ, ಆಗ ಕಹಿ ಕಡಿಮೆ. ಪಾರ್ಥೇನಿಯಂ ತಗುಲಿ ಚರ್ಮರೋಗ ಬಂದವರಿಗೆ ಇದೇ ಕುಟುಂಬದ ಬೇರೆ ಗಿಡಗಳೂ ಒಗ್ಗದಿರುವುದುಂಟು. ಅಂಥವರು ಕೊಯ್ಯುವ ಕೆಲಸವನ್ನು ಬೇರೆಯವರಿಗೆ ಬಿಟ್ಟು, ತಿನ್ನುವ ಮುನ್ನ ವೈದ್ಯರನ್ನು ಕೇಳುವುದು ಲೇಸು.

ಮಾರುವವರು ಬೇರು ಸಮೇತ ಕಿತ್ತ ಗಿಡಗಳನ್ನು ಸಿವುಡು ಕಟ್ಟಿ ತರುವುದು ರೂಢಿ, ಬೇರಿದ್ದರೆ ಬಾಡುವುದು ತಡ. ಮಡಿಯಲ್ಲಿ ಬೆಳೆದವರು ಬೇರು ಉಳಿಸಿ ಎಲೆ ಮಾತ್ರ ತರುವುದರಿಂದ ಒದ್ದೆ ಅರಿವೆಯಲ್ಲಿ ಸುತ್ತಿ, ಬುಟ್ಟಿಯಲ್ಲಿ ಸಡಿಲವಾಗಿಟ್ಟು, ಬೆಳಗಿನ ಸಂತೆಯಲ್ಲಿಯೇ ಮಾರಿ ಮುಗಿಸಬೇಕು. ಔಷಧ ಹೊಡೆಯದ ಮಡಿಯದು ಎಂದು ಕೊಳ್ಳುವವರಿಗೆ ಹೇಳಿ ಮಾರಿದರೆ ಅವರು ಮುಂದಿನ ಸಂತೆಗೂ ಹುಡುಕಿಕೊಂಡು ಬರುತ್ತಾರೆ. ಫೆಬ್ರವರಿ ಕೊನೆಗೆ ಮಡಿಯ ಗಿಡಗಳೆಲ್ಲ ದಂಟು ಬಿಟ್ಟಾಗ ಕಡ್ಡಿ ನೆಟ್ಟ ಗಿಡಗಳನ್ನು ಬೀಜಕ್ಕೆ ಉಳಿಸಿ, ಮಿಕ್ಕವನ್ನು ಕೊಯ್ದು ದನಕ್ಕೆ ಹಾಕಬಹುದು. ಬೇರುಗಳು ನೆಲದಲ್ಲಿಯೇ ಇರಲಿ. ಮುಂಗಾರಿಯ ನಂತರ ಅವುಗಳಲ್ಲಿ ಕೆಲವು ಚಿಗುರಿದರೆ ಹೊಸ ಬಿತ್ತನೆಗಿಂತ ಮೊದಲೇ ಸೊಪ್ಪು ದೊರೆಯುತ್ತದೆ.